ಮಾಳಿಗೆ ಮೇಲೆ ಹಳೇ ಸಿನಿಮಾ: ಮಂದಿ ಎದ್ದು ಹೋಗದಂಗ ತೋರಸೋದು ಹೆಂಗ

‘ಈ ಸಿನಿಮಾ ನೋಡ್ರಿ, ಭಾಳ ಚೊಲೋ ಐತಿ’ ಅಂದರೆ ಯಾರೂ ನೋಡುವುದಿಲ್ಲ. ಕೂಡಿಸಿಕೊಂಡೇ ತೋರಿಸಬೇಕು. ಮನೆಮಂದಿ, ಆಜೂಬಾಜೂದವರು ಸೇರಿ ಹದಿನೈದು ಜನರಿಗೆ ಹುಬ್ಬಳ್ಳಿ-ಧಾರವಾಡದ ಸಾದಾ ಮಾಳಿಗೆ ಸಾಕು. ಊರಿಗೆಲ್ಲ ತೋರಿಸುವುದಾದರೆ, ಟಿಕೆಟ್ ಹಚ್ಚಿದರೂ ಹಚ್ಚದಿದ್ದರೂ, ಹಕ್ಕುದಾರರ ಅನುಮತಿ ಬೇಕು.

ಒಂದು ವಾರ ಮೊದಲೇ ಒಬ್ಬರೇ ಕೂತು ಸಿನಿಮಾ ಇನ್ನೊಮ್ಮೆ ನೋಡಿ. ನೆನಪಿನಲ್ಲಿ ಓಡಿದ್ದು ಈಗ ಜಗ್ಗಬಹುದು. ನಮ್ಮ ಕಡೆ ಮೊದಲ ಸಲಕ್ಕೆ ‘ನಾಗಮಂಡಲ’ (1997) ಕೈಬಿಡುವುದಿಲ್ಲ, ಮಾತೇ ನಮ್ಮದು. ಎರಡನೇ ಸಲ ನೋಡುವವರಿಗೆ ರುಚಿ ಇನ್ನೂ ಹೆಚ್ಚು: ಗಂಡನೂ, ಗಂಡನ ರೂಪದಲ್ಲಿ ಬರುವ ನಾಗನೂ ಪ್ರಕಾಶ್ ರೈ ಒಬ್ಬರೇ. ದನಿ, ನೋಟ ಎಲ್ಲಿ ಬೇರೆಯಾಗುತ್ತದೆ ನೋಡಲು ಹೇಳಿ. ಅಷ್ಟೇ ಹೇಳಿ, ಕತೆ ಬಿಟ್ಟುಕೊಡಬೇಡಿ. ಹುಡುಗರೇ ಹೆಚ್ಚಿದ್ದರೆ ‘ಒಂದಾನೊಂದು ಕಾಲದಲ್ಲಿ’ (1978). ಶಂಕರ್ ನಾಗ್ ಅವರ ಮೊದಲ ಸಿನಿಮಾ ಅಂದರೆ ಸಾಕು, ಕೂಡುತ್ತಾರೆ. ಹಿರಿಯರಿಗೆ ‘ಸಂತ ಶಿಶುನಾಳ ಶರೀಫ’ (1990). ಸಿ. ಅಶ್ವತ್ಥ್ ಸಂಗೀತವೇ ಅದರ ಜೀವ. ಸ್ಪೀಕರ್ ಕಿರುಗುಟ್ಟುವಂಥದ್ದಿದ್ದರೆ ಅದನ್ನು ಹಾಕಲೇಬೇಡಿ.

ಪರದೆಗೆ 8 ಅಡಿ ಅಗಲ, 4.5 ಅಡಿ ಎತ್ತರದ ದಪ್ಪ ಬಿಳಿ ಬಟ್ಟೆ. ತೆಳುವಾದರೆ ಬೆಳಕು ಹಿಂದಕ್ಕೆ ಸೋರಿ ಚಿತ್ರ ಮಂಕಾಗುತ್ತದೆ, ಎರಡು ಪದರ ಹೊಲಿಸಿ. ಮೇಲೆ ಕೆಳಗೆ ಮಡಿಕೆ ಹೊಲಿಸಿ ಪೈಪ್ ತೂರಿಸಿದರೆ ಗಾಳಿಗೆ ಸುರುಳಿಯಾಗುವುದಿಲ್ಲ. ಕೆಳ ಅಂಚು ನೆಲದಿಂದ 3 ಅಡಿ ಮೇಲಿರಲಿ. ಇಲ್ಲವಾದರೆ ಜಮಖಾನೆ ಮೇಲೆ ಕೂತವರ ತಲೆಗಳೇ ಕಾಣುತ್ತವೆ. ಪ್ರೊಜೆಕ್ಟರಿನ ಥ್ರೋ ರೇಶಿಯೋ (ಚಿತ್ರದ ಅಗಲದ ಎಷ್ಟು ಪಟ್ಟು ದೂರ ಇಡಬೇಕೆಂಬ ಲೆಕ್ಕ) 1.2 ಇದ್ದರೆ ಅದನ್ನು 8ಕ್ಕೆ ಗುಣಿಸಿ: ಪರದೆಯಿಂದ ಸುಮಾರು ಒಂಬತ್ತೂವರೆ ಅಡಿ ದೂರ ಇಡಬೇಕು. ಲುಮೆನ್ ಅಂದರೆ ಬೆಳಕಿನ ಅಳತೆ. ಡಬ್ಬಿ ಮೇಲೆ ಸಾವಿರಗಟ್ಟಲೆ ಲುಮೆನ್ ಅಂತ ಬರೆದದ್ದನ್ನು ನಂಬಬೇಡಿ, ಗೊತ್ತಾದ ಮಾನದಂಡದಲ್ಲಿ ಅಳೆದ ‘ಆನ್ಸಿ ಲುಮೆನ್’ ಎಷ್ಟು ಅಂತ ಕೇಳಿ. 500 ಇದ್ದರೆ ಕತ್ತಲಲ್ಲಿ ನಡೆಯುತ್ತದೆ. ಮೇ ತಿಂಗಳಲ್ಲಿ ಏಳೂವರೆಗೆ ಮೊದಲು ಶುರು ಮಾಡಬೇಡಿ.

ಹಳೇ ಪ್ರತಿಗಳು ಬಹಳಷ್ಟು 4:3 ಅಳತೆಯವು (ಅಗಲ ನಾಲ್ಕಾದರೆ ಎತ್ತರ ಮೂರು), ಎರಡೂ ಬದಿ ಕಪ್ಪು ಪಟ್ಟಿ ಬರುತ್ತದೆ. ಬರಲಿ. ಪರದೆ ತುಂಬಲೆಂದು ಎಳೆದರೆ ಮುಖಗಳೆಲ್ಲ ತಟ್ಟಿದ ರೊಟ್ಟಿಯಂತೆ ಅಗಲವಾಗುತ್ತವೆ.

ಎಲ್ಲಕ್ಕಿಂತ ಹೆಚ್ಚು ಕೆಡುವುದು ಆಡಿಯೋ. ಬ್ಲೂಟೂತ್ ಸ್ಪೀಕರಿನಲ್ಲಿ ಮಾತು ತುಟಿಗಿಂತ ಹಿಂದೆ ಬೀಳಬಹುದು, ಆಕ್ಸ್ ವೈರ್ (ಆಡಿಯೋ ಕೇಬಲ್) ಹಾಕಿ. ಸ್ಪೀಕರ್ ಪರದೆಯ ಬುಡದಲ್ಲಿರಬೇಕು. ಪ್ರೊಜೆಕ್ಟರ್ ಪಕ್ಕ ಇಟ್ಟರೆ ನಟರು ಮುಂದೆ, ಮಾತು ಬೆನ್ನ ಹಿಂದೆ. ಓಟಿಟಿ ಆ್ಯಪನ್ನು ಮೊಬೈಲಿನಿಂದ ಸ್ಕ್ರೀನ್ ಮಿರರ್ ಮಾಡಿದರೆ ಎಷ್ಟೋ ಸಲ ಮಾತು ಕೇಳಿ ಚಿತ್ರ ಕಪ್ಪಾಗಿರುತ್ತದೆ. ಅದು ಕೇಬಲ್ ದೋಷವಲ್ಲ, ನಕಲು ತಡೆಯುವ ಬೀಗ. ಆ ಆ್ಯಪ್ ಇರುವ ಟಿವಿ ಸ್ಟಿಕ್ ಅನ್ನು ಪ್ರೊಜೆಕ್ಟರಿಗೇ ಚುಚ್ಚಿ, ಹಿಂದಿನ ರಾತ್ರಿಯೇ ಹತ್ತು ನಿಮಿಷ ಓಡಿಸಿ ನೋಡಿ.

ಮಳೆ ಬಿದ್ದ ಮರುದಿನ ಈಸುಳ್ಳಿ (ರೆಕ್ಕೆ ಬಂದ ಗೆದ್ದಲು) ಬೆಳಕಿಗೆ ಮುತ್ತುತ್ತವೆ, ಅಂದು ಬೇಡ. ಲ್ಯಾಂಪ್ ಇರುವ ಹಳೇ ಪ್ರೊಜೆಕ್ಟರಾದರೆ ಯುಪಿಎಸ್ ಇರಲಿ. ಕರೆಂಟ್ ಹೋಗಿ ಫ್ಯಾನ್ ತಟ್ಟನೆ ನಿಂತರೆ ಲ್ಯಾಂಪ್ ಬಿಸಿಗೇ ಸಾಯಬಹುದು.

ಮಧ್ಯಂತರಕ್ಕೆ ಗಿರ್ಮಿಟ್ ಇದ್ದೇ ಇರುತ್ತದೆ. ಒಗ್ಗರಣೆ ಮಸಾಲೆ ಬೇರೆ, ಚುರುಮುರಿ ಬೇರೆ ಇಟ್ಟು ಲೈಟ್ ಹಾಕಿದ ಮೇಲೆಯೇ ಕಲಸಿ. ಮೊದಲೇ ಕಲಸಿದರೆ ಮೆತ್ತಗಾಗುತ್ತದೆ. ಮಿರ್ಚಿಗೆ ಎಣ್ಣೆ ಇಡುವವರು ಸಿನಿಮಾ ಈಗಾಗಲೇ ನೋಡಿದವರೇ ಆಗಿರಲಿ.