ಹಳೇ ಟ್ರಾವೆಲರ್‌ಗೆ ನೆಲುವು ಕಟ್ಟಿದ್ದು

ದೋಸೆ ಕಾವಲಿಗೆ ಬಿಟ್ಟ ಎಣ್ಣೆ ಯಾವಾಗಲೂ ಬಲಗಡೆಗೇ ಓಡುತ್ತಿತ್ತು. ಜೋಗದಲ್ಲಿ ಗಾಡಿ ನಿಲ್ಲಿಸಿದಾಗ ನೆಲವೇ ಓರೆ ಇರಬೇಕು ಅಂದುಕೊಂಡೆ. ಸಾಗರದಲ್ಲಿ ನೆಂಟರ ಮನೆ ಮುಂದೆ ನಿಲ್ಲಿಸಿದಾಗಲೂ ಹಾಗೇ ಆಯಿತು. ಕೊನೆಗೆ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ, ಅಡಿಕೆ ಒಣಗಿಸುವ ಅಂಗಳಕ್ಕೇ ಗಾಡಿ ತಂದು ನಿಲ್ಲಿಸಿ ನೋಡಿದೆ. ಅಲ್ಲೂ ಎಣ್ಣೆ ಬಲಕ್ಕೇ. ಇವಳು ಸೌಟು ಹಿಡಿದುಕೊಂಡೇ ಹೇಳಿದಳು, "ಓರೆ ಇರೋದು ನಿಮ್ಮ ಗಾಡಿ ಕಣ್ರೀ."

ಗಾಡಿ ಅಂದರೆ 2022ರಲ್ಲಿ ಶಿವಮೊಗ್ಗದಲ್ಲಿ ಕೊಂಡ ಹಳೇ ಟೆಂಪೋ ಟ್ರಾವೆಲರ್. ಸೀಟು ಬಿಚ್ಚಿ, ಮಲಗುವ, ಅಡುಗೆ ಮಾಡುವ ಗಾಡಿ ಮಾಡಿಕೊಂಡೆವು. ಇದಕ್ಕೆ ಆರ್‌ಟಿಒ ಅನುಮತಿ ಬೇಕು, ಬದಲಾವಣೆ ಆರ್‌ಸಿಯಲ್ಲಿ ದಾಖಲಾಗಬೇಕು. ಅದು ಮೊದಲು, ಸ್ಕ್ರೂಡ್ರೈವರ್ ಆಮೇಲೆ. ಡ್ರೈವರ್ ಸೀಟಿನ ಹಿಂದಿನಿಂದ ಹಿಂಬಾಗಿಲ ತನಕ ಸಿಕ್ಕಿದ್ದು 11 ಅಡಿ ಉದ್ದ, ಐದೂವರೆ ಅಡಿ ಅಗಲ. ನಾವಿಬ್ಬರು, ಒಬ್ಬಳು ಮಗಳು.

ಮೊದಲ ವರ್ಷ ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪೇ. ಖಾಲಿ ಗೋಡೆ ಕಂಡಲ್ಲೆಲ್ಲ ಕಪಾಟು ಹೊಡೆಸಿದೆ. ಮನೆಯ ವಾರ್ಡ್‌ರೋಬಿಗೆ ಹಾಕುವ 18 ಮಿ.ಮೀ. ಪ್ಲೈವುಡ್ಡನ್ನೇ ತಂದೆ. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಂದು ಶೀಟು ಹೆಚ್ಚುಕಮ್ಮಿ 30 ಕೆ.ಜಿ. ತೂಗುತ್ತದೆ. ಆರೂವರೆ ಶೀಟು ಹಿಡಿಯಿತು. ಒಂದು ಚಮಚ ಸಾಮಾನು ಇಡುವ ಮೊದಲೇ 200 ಕೆ.ಜಿ. ಹತ್ತಿಸಿಯಾಗಿತ್ತು. ಅದರ ಮೇಲೆ, ಬಾಗಿಲು ಎಡಕ್ಕಿದೆ ಅಂತ ಅಡುಗೆ ಕಟ್ಟೆ, 100 ಲೀಟರ್ ನೀರಿನ ಟ್ಯಾಂಕು, ಇನ್ವರ್ಟರ್ ಬ್ಯಾಟರಿ ಮೂರನ್ನೂ ಬಲಗಡೆಗೇ ಇಟ್ಟಿದ್ದೆ. ಡ್ರೈವರ್ ಕೂರುವುದೂ ಬಲಕ್ಕೇ ಅಲ್ವಾ?

ಎಣ್ಣೆ ಓಡಿದ ಮಾರನೇ ದಿನ ಗಾಡಿಯನ್ನು ವೇಬ್ರಿಡ್ಜಿಗೆ ಒಯ್ದೆ. ಮೊದಲು ಇಡೀ ಗಾಡಿ, ಆಮೇಲೆ ಮುಂದಿನ ಗಾಲಿಗಳು ಮಾತ್ರ, ಆಮೇಲೆ ಹಿಂದಿನವು. ಕೊನೆಗೆ ಬಲಗಡೆ ಗಾಲಿಗಳನ್ನು ಮಾತ್ರ ಹತ್ತಿಸುತ್ತೇನೆ ಅಂದಾಗ ತೂಕ ಮಾಡುವ ಹುಡುಗ ನಕ್ಕ, ಆದರೆ ಬಿಟ್ಟ. ಒಟ್ಟು ತೂಕ ಕಂಪನಿಯ ಪ್ಲೇಟಿನಲ್ಲಿ ಒತ್ತಿದ ಮಿತಿಯೊಳಗೇ ಇತ್ತು. ಬಲಗಡೆ ಮಾತ್ರ ಎಡಕ್ಕಿಂತ 160 ಕೆ.ಜಿ. ಜಾಸ್ತಿ. ಗಾಡಿಯಲ್ಲಿ ಹೆಚ್ಚುವರಿ ಜಾಗ ಹುಡುಕುವವರಿಗೆ ನಾನು ಹೇಳುವ ಮೊದಲ ಕೆಲಸ ಇದೇ: ಜಾಗ ಅಳೆಯುವ ಮೊದಲು ತೂಕ ಅಳೆಯಿರಿ. ಖರ್ಚು ಒಂದು ಊಟದಷ್ಟೂ ಆಗುವುದಿಲ್ಲ.

ಬ್ಯಾಟರಿಯನ್ನು ಎಡಗಡೆ ಗಾಲಿಯ ಮೇಲಿನ ಉಬ್ಬಿನ ಪಕ್ಕಕ್ಕೆ ಇಳಿಸಿದೆ. ಟ್ಯಾಂಕನ್ನು ಕಿತ್ತೇಬಿಟ್ಟೆ. ಒಂದು ಲೀಟರ್ ನೀರು ಒಂದು ಕೆ.ಜಿ. ಮಲೆನಾಡಲ್ಲಿ ತಿರುಗುವವರು ನೂರು ಕೆ.ಜಿ. ನೀರು ಹೊತ್ತುಕೊಂಡು ತಿರುಗುವುದು ಎಂತಕ್ಕೆ? ಈಗ 20 ಲೀಟರಿನ ಎರಡು ಕ್ಯಾನು, ಒಂದು ಆ ಕಡೆ, ಒಂದು ಈ ಕಡೆ. ಖಾಲಿಯಾದರೆ ಯಾರ ಮನೆಯಲ್ಲಿ ಕೇಳಿದರೂ ತುಂಬಿಸಿಕೊಡುತ್ತಾರೆ, ಜೊತೆಗೆ ಕಾಫಿಗೂ ಕರೆಯುತ್ತಾರೆ. ಟ್ಯಾಂಕು ಇದ್ದ ಜಾಗವೇ ನಮಗೆ ಸಿಕ್ಕ ಅತಿ ದೊಡ್ಡ 'ಸ್ಟೋರೇಜು'. ಅಕ್ಕಿ, ಬೇಳೆ, ಕುಕ್ಕರು ಎಲ್ಲ ಅಲ್ಲೇ ಕೂತವು.

ಮೇಲಿನ ಕಪಾಟುಗಳ ಕಥೆ ಬೇರೆ. ಅವನ್ನು ಕೆಡವಿಸಿದ್ದು ನನ್ನ ಅಮ್ಮ. ಒಂದು ದಿನ ಒಳಗೆ ಬಂದು ಕೂತು ಸುತ್ತ ನೋಡಿದರು. "ತಲೆ ಮೇಲೆಲ್ಲ ಪೆಟ್ಟಿಗೆ ಕಟ್ಟಿದ್ದೀಯಲ್ಲ ಮಾರಾಯ, ಉಸಿರು ಕಟ್ಟುತ್ತೆ. ಒಂದು ನೆಲುವು ಕಟ್ಟಿದ್ರೆ ಆಗ್ತಿರಲಿಲ್ವಾ?"

ನಮ್ಮ ಹಳೇ ಮನೆಯಲ್ಲಿ ಕಪಾಟು ಅಂತ ಇದ್ದದ್ದು ಒಂದೇ. ಹಾಲು ಮೊಸರು ಚಾವಣಿಯಿಂದ ತೂಗುಬಿಟ್ಟ ಹಗ್ಗದ ನೆಲುವಿನಲ್ಲಿ, ಅಂಗಿ ಚೀಲ ಗಿಳಿಗೂಟದಲ್ಲಿ, ದೀಪ ಗೋಡೆಯ ಗೂಡಿನಲ್ಲಿ, ಉಳಿದದ್ದೆಲ್ಲ ಅಟ್ಟದಲ್ಲಿ. ಹನ್ನೆರಡು ಜನ ಇದ್ದರೂ ಸಾಮಾನು ಕಾಲಿಗೆ ತೊಡರುತ್ತಿರಲಿಲ್ಲ. ನಾನು ಬಡಗಿ ಆಚಾರ್ರನ್ನು ಕರೆಸಿದೆ. ತಾವೇ ಹೊಡೆದ ಕಪಾಟನ್ನು ತಾವೇ ಕೀಳುವಾಗ ಅವರ ಮುಖ ಸ್ವಲ್ಪ ಸಪ್ಪಗಾಗಿತ್ತು. "ಮೊದಲೇ ಅಮ್ಮನ್ನ ಕೇಳಬಾರದಿತ್ತಾ?" ಅಂದರು.

ಮಲ್ಪೆ ಕಡೆಯಿಂದ ತರಿಸಿದ ನೈಲಾನ್ ಮೀನುಬಲೆ ಕತ್ತರಿಸಿ ಎರಡು ಉದ್ದನೆಯ ನೆಲುವು ಮಾಡಿದೆವು. ಇಲ್ಲಿ ಎರಡು ಸೂಕ್ಷ್ಮ ಇದೆ. ಕೊಕ್ಕೆಯನ್ನು ಚಾವಣಿಯ ಅಡ್ಡಪಟ್ಟಿಗೇ ಹಾಕಬೇಕು. ಬರೀ ತಗಡಿಗೆ ಸ್ಕ್ರೂ ಹೊಡೆದರೆ ಭಾರಕ್ಕೆ ಕಿತ್ತು ಬರುತ್ತದೆ, ಜೊತೆಗೆ ಮಳೆಗಾಲದಲ್ಲಿ ಸೋರಲು ನೀವೇ ದಾರಿ ಕೊಟ್ಟಂತೆ. ಇನ್ನೊಂದು, ಮನೆಯ ನೆಲುವು ತೂಗಾಡಿದರೆ ಚಂದ, ಗಾಡಿಯದ್ದು ತೂಗಾಡಿದರೆ ತಲೆಗೆ ಬಡಿಯುತ್ತದೆ. ಅದಕ್ಕೆ ಬಲೆಯ ತಳಕ್ಕೆ ಒಂದು ರಬ್ಬರ್ ಹಗ್ಗ ಹಾಕಿ ಗೋಡೆಗೆ ಬಿಗಿದೆ. ಬಟ್ಟೆ, ಕಂಬಳಿ, ಬ್ರೆಡ್ಡು, ಮಂಡಕ್ಕಿ ಇಂಥ ಹಗುರ ಸಾಮಾನು ಮೇಲಿನ ಬಲೆಗೆ. ಈರುಳ್ಳಿ ಆಲೂಗಡ್ಡೆಗೆ ಸಣ್ಣದೊಂದು ಬಲೆ ಕೆಳಗೆ. ಗಾಳಿ ಆಡುವುದರಿಂದ ಬೇಗ ಕೊಳೆಯುವುದಿಲ್ಲ.

ಗಾಳಿ ಅಂದಾಗ ಬೂಷ್ಟಿನ ವಿಷಯ ಹೇಳಲೇಬೇಕು. ಬಯಲುಸೀಮೆಯವರು ಗಾಡಿ ಕಟ್ಟಿದ್ದನ್ನು ನೋಡಿ ಇಲ್ಲಿ ನಕಲು ಮಾಡಿದರೆ ಕೆಡುವುದು ಇದರಲ್ಲೇ. ಆಗುಂಬೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 7000 ಮಿ.ಮೀ. ಮೀರುತ್ತದೆ. ನಮ್ಮೂರು ಅಷ್ಟಿಲ್ಲದಿದ್ದರೂ ಆಷಾಢದಲ್ಲಿ ಚಪ್ಪಲಿಯೂ ಹಸಿರಾಗುತ್ತದೆ. ನನ್ನ ಮೊದಲ ಕಪಾಟುಗಳ ಹಿಂಬದಿ ಗಾಡಿಯ ತಗಡಿಗೇ ಅಂಟಿತ್ತು. ರಾತ್ರಿ ನಮ್ಮ ಉಸಿರು, ಅಡುಗೆಯ ಹಬೆ ಎಲ್ಲ ತಣ್ಣನೆಯ ತಗಡಿಗೆ ತಾಗಿ ನೀರಾಗುತ್ತದೆ. ಆ ನೀರು ಹೋಗಲು ಜಾಗ ಇಲ್ಲ. ಜುಲೈನಲ್ಲಿ ಹತ್ತು ದಿನ ಗಾಡಿ ನಿಲ್ಲಿಸಿ ಬಾಗಿಲು ತೆಗೆದರೆ ಹೊಸ ಬೆಡ್‌ಶೀಟಿನ ಮೇಲೆ ಕಪ್ಪು ಚುಕ್ಕೆ, ಮಗಳ ಸ್ವೆಟರಿನಲ್ಲಿ ಹಸಿ ವಾಸನೆ.

ಈಗ ಉಳಿದಿರುವ ಕಪಾಟುಗಳು ತಗಡಿನಿಂದ ಒಂದು ಇಂಚು ದೂರ ನಿಂತಿವೆ. ಪ್ರತಿಯೊಂದಕ್ಕೂ ಕೆಳಗೊಂದು ಮೇಲೊಂದು ಎರಡು ಇಂಚಿನ ತೂತು. ಹಾಸಿಗೆಯ ಕೆಳಗಿನ ಪ್ಲೈವುಡ್ಡನ್ನೂ ತೆಗೆದು ಅಡಿಕೆ ಮರ ಸೀಳಿದ ದಬ್ಬೆ ಸಾಲಾಗಿ ಹೊಡೆಸಿದೆವು, ನಡುನಡುವೆ ಬೆರಳು ತೂರುವಷ್ಟು ಸಂದಿ ಬಿಟ್ಟು. ಹುಳ ಹಿಡಿಯದಿರಲಿ ಅಂತ ಗೇರೆಣ್ಣೆ ಬಳಿ ಅಂದರು ಅಮ್ಮ. ಅದರ ಕಪ್ಪು ಹಾಸಿಗೆಗೆ ಹತ್ತುತ್ತದೆ ಅಂತ ಇವಳು ಒಪ್ಪಲಿಲ್ಲ. ವಾರ್ನಿಷಿಗೆ ರಾಜಿಯಾಯಿತು.

ಮಳೆಗಾಲಕ್ಕೆ ಅಂತಲೇ ಮಾಡಿದ ಇನ್ನೊಂದು, ಒದ್ದೆ ಪೆಟ್ಟಿಗೆ. ಪಕ್ಕದ ಬಾಗಿಲ ಮೆಟ್ಟಿಲ ಹತ್ತಿರ ಒಂದೂವರೆ ಅಡಿ ಜಾಗ ಸುಮ್ನೆ ಬಿದ್ದಿತ್ತು. ಅಲ್ಲಿ ಪ್ಲಾಸ್ಟಿಕ್ ಕ್ರೇಟು ಇಟ್ಟು, ತಳದಿಂದ ಒಂದು ಪೈಪನ್ನು ಗಾಡಿಯ ಕೆಳಕ್ಕೆ ಬಿಟ್ಟೆ. ರೇನ್‌ಕೋಟು, ಶೂಗಳು ಅಲ್ಲೇ ಉಳಿಯಬೇಕು, ಒಳಗೆ ಪ್ರವೇಶ ಇಲ್ಲ. ಕವಲೇದುರ್ಗ ಹತ್ತಿ ಬಂದ ದಿನ ಅದೇ ಪೆಟ್ಟಿಗೆಯಲ್ಲಿ ರಕ್ತ ಹೀರುವ ಏಳು ಉಂಬಳ ಸಿಕ್ಕವು. ಅವು ಹಾಸಿಗೆ ತನಕ ಬಂದಿದ್ದರೆ ಗಾಡಿಯನ್ನು ಮಾರಬೇಕಾಗುತ್ತಿತ್ತು. ಒಂದು ಚಿಟಿಕೆ ಉಪ್ಪಿನ ಡಬ್ಬಿ ಈಗ ಆ ಪೆಟ್ಟಿಗೆಯ ಪಕ್ಕ ಕಾಯಂ.

ಡ್ರಾಯರಿನ ಪಾಠ ಕಲಿಸಿದ್ದು ಶರಾವತಿ ಹಿನ್ನೀರು. 2025ರ ಜುಲೈನಲ್ಲಿ ಸಿಗಂದೂರಿನ ಸೇತುವೆ ತೆರೆಯುವ ಮೊದಲು ಗಾಡಿಯನ್ನು ಲಾಂಚಿಗೇ ಹತ್ತಿಸಬೇಕಿತ್ತಲ್ಲ. ದಡಕ್ಕೆ ಇಳಿಯುವಾಗ ಗಾಡಿಯ ಮೂತಿ ಕೆಳಗಾಯಿತು. ಮಂಚದ ಕೆಳಗಿನ ಮೂರೂ ಡ್ರಾಯರ್ ಒಟ್ಟಿಗೇ ಮುಂದಕ್ಕೆ ಬಂದು ತಟ್ಟೆ ಲೋಟ ಎಲ್ಲ ನೆಲಕ್ಕೆ. ಆ ಸದ್ದಿಗೆ ಹಿಂದಿನ ಬಸ್ಸಿನವರೂ ಇಳಿದು ಬಂದರು. ದುಬಾರಿ ಲಾಕು ಹಾಕಿಸಬೇಕೇನೋ ಅಂದುಕೊಂಡಿದ್ದೆ. ಆಚಾರ್ರು ಡ್ರಾಯರ್ ಜಾರುವ ಚಾನೆಲ್ ಕಿತ್ತು ಹಾಕಿ, ಡ್ರಾಯರಿನ ತಳದಲ್ಲಿ ಮುಂಬದಿಗೆ ಅರ್ಧ ಇಂಚಿನ ಕಚ್ಚು ಕೊಟ್ಟರು. ಮುಚ್ಚಿದಾಗ ಆ ಕಚ್ಚು ಚೌಕಟ್ಟಿನ ಮೇಲೆ ಕೂತುಬಿಡುತ್ತದೆ. ತೆಗೆಯಬೇಕಾದರೆ ಸ್ವಲ್ಪ ಎತ್ತಿ ಎಳೆಯಬೇಕು. ಹದಿನಾಲ್ಕು ತಿರುವಿನ ಆಗುಂಬೆ ಘಾಟಿ ಇಳಿದರೂ ಒಂದೂ ಬಾಯಿ ತೆರೆದಿಲ್ಲ.

ಅದೇ ಘಾಟಿಯಲ್ಲಿ ಮೇಲಿನ ಕ್ಯಾರಿಯರಿನ ಆಸೆಯನ್ನೂ ಬಿಟ್ಟೆ. ಒಂದು ಸಲ ಮೇಲೆ 60 ಕೆ.ಜಿ. ಕಟ್ಟಿಕೊಂಡು ಹೋಗಿದ್ದೆ. ತಿರುವಿನಲ್ಲಿ ಗಾಡಿ ವಾಲುವ ರೀತಿಗೆ ಮಗಳು ವಾಂತಿ ಮಾಡಿಕೊಂಡಳು. ಈಗ ಮೇಲೆ ಮಡಚುವ ಎರಡು ಕುರ್ಚಿ ಮಾತ್ರ.

ಹಿಂಬಾಗಿಲ ಒಳಮೈಗೆ ಲಾರಿ ಟಾರ್ಪಾಲು ಹೊಲಿಯುವವರ ಹತ್ತಿರ ಜೇಬುಗಳ ಪರದೆ ಹೊಲಿಸಿದೆ. ಟಾರ್ಚು, ಸ್ಪ್ಯಾನರು, ಹಗ್ಗ, ಔಷಧಿ ಅಲ್ಲಿ. ಪಾತ್ರೆಗಳು ಒಂದರೊಳಗೊಂದು, ನಡುವೆ ಹಳೇ ಟವೆಲ್ಲು, ಇಲ್ಲದಿದ್ದರೆ ದಾರಿಯುದ್ದಕ್ಕೂ ಜಾಗಟೆ. ಗ್ಯಾಸಿನ 5 ಕೆ.ಜಿ. ಸಿಲಿಂಡರಿನ ಪೆಟ್ಟಿಗೆಯಲ್ಲಿ ಎಷ್ಟೇ ಜಾಗ ಉಳಿದರೂ ಬೇರೇನೂ ತುರುಕಬೇಡಿ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ನಿಲ್ಲುತ್ತದೆ. ಅದು ಹೊರಗೆ ಹೋಗಲು ಪೆಟ್ಟಿಗೆಯ ತಳದಲ್ಲಿ ತೂತು ಇರಬೇಕು, ಅದನ್ನು ಯಾವ ಚೀಲವೂ ಮುಚ್ಚಬಾರದು.

ಮಿಡಿ ಉಪ್ಪಿನಕಾಯಿಯನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಲು ಅಮ್ಮ ಒಪ್ಪಲಿಲ್ಲ. ಭರಣಿಯೇ ಬರಬೇಕು. ಅದಕ್ಕೆ ಅಡುಗೆ ಕಟ್ಟೆಯ ಕೆಳಗಿನ ಹಲಗೆಯಲ್ಲಿ ಭರಣಿಯ ಸುತ್ತಳತೆಗೆ ಸರಿಯಾಗಿ ಗುಂಡಗೆ ಕೊರೆಸಿ ಕೂರಿಸಿದ್ದೇವೆ. ಎರಡು ವರ್ಷದಿಂದ ಅಲುಗಿಲ್ಲ.

ಜಾಗ ಸಿಗದೆ ಉಳಿದಿರುವುದು ಒಂದೇ, ಅಪ್ಪನ ಕಾಲದ ಉದ್ದ ಕೊಡೆ. ಮಂಚದ ಕೆಳಗೆ ಅಡ್ಡಡ್ಡ ಉರುಳುತ್ತಿರುತ್ತದೆ. ಬಾಗಿಲ ಪಕ್ಕ ಗಿಳಿಗೂಟ ಹೊಡೆದುಕೊಡುತ್ತೇನೆ ಅಂತ ಆಚಾರ್ರು ಹೇಳಿ ಮೂರು ತಿಂಗಳಾಯಿತು. ಅಡಿಕೆ ಕೊಯ್ಲು ಮುಗಿಯಲಿ ಅಂತಿದ್ದಾರೆ.