ಮೀನಿಗೆ ಮುಂಚೆ ಐದು ವಾರ ನೀರು ಸಾಕಿದ್ದು

ನಮ್ಮ ಮೊದಲನೇ ಮೀನು ಒಂಬತ್ತೇ ದಿನ ಇತ್ತು. ಹಾಸನಾಂಬೆ ಬಾಗಿಲು ತೆಗೆದಿದ್ದ ಸಮಯ, ಮನೆ ತುಂಬ ನೆಂಟರು, ದರ್ಶನದ ಕ್ಯೂನಲ್ಲಿ ನಿಂತು ನಿಂತು ಸುಸ್ತಾಗಿ ಅಳುತ್ತಿದ್ದ ಐದು ವರ್ಷದ ಮಗಳನ್ನು ಸಮಾಧಾನ ಮಾಡೋಕೆ ಅಂತ ಬರುವ ದಾರಿಯಲ್ಲಿ ಒಂದು ಗೋಲ್ಡ್ ಫಿಶ್, ಒಂದು ದುಂಡು ಗಾಜಿನ ಬೌಲ್ ಕೊಡಿಸಿಬಿಟ್ಟೆ. ಬಂದ ನೆಂಟರೆಲ್ಲ ಒಂದೊಂದು ಚಿಟಿಕೆ ಕಾಳು ಹಾಕಿದರು. ವಾರದಲ್ಲಿ ನೀರು ಅಕ್ಕಿ ತೊಳೆದ ನೀರಿನ ಥರ ಆಯಿತು. ನಾನು ಜಾಣೆ, ಬೌಲ್ ಅನ್ನು ಸೋಪು ಹಾಕಿ ತಿಕ್ಕಿ, ನಲ್ಲಿ ನೀರು ಹಾಗೇ ತುಂಬಿಸಿದೆ. ಮಾರನೇ ದಿನ ಬೆಳಿಗ್ಗೆ ಮೀನು ಮೇಲೆ ತೇಲುತ್ತಿತ್ತು.

ಅತ್ತೆ "ಕೆರೆಗೆ ಬಿಟ್ಟು ಬಂದ್ವಿ ಅಂತ ಹೇಳಮ್ಮ, ಮಗು ಅಳುತ್ತೆ" ಅಂದರು. ನನಗೆ ಮನಸ್ಸು ಬರಲಿಲ್ಲ. ಸತ್ತಿದೆ ಅಂತಲೇ ಹೇಳಿದೆ, ಕೈಯಲ್ಲಿ ಹಿಡಿದು ತೋರಿಸಿದೆ, ಇಬ್ಬರೂ ಸೇರಿ ದಾಸವಾಳದ ಬುಡದಲ್ಲಿ ಹೂತೆವು. ಅತ್ತಳು, ಹತ್ತು ನಿಮಿಷ. ಆಮೇಲೆ "ಯಾಕೆ ಸತ್ತಿದ್ದು?" ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಓದಿ ನೋಡಿದ ಮೇಲೆ ಗೊತ್ತಾಗಿದ್ದು, ತಪ್ಪು ಪೂರ್ತಿ ನಮ್ಮದೇ.

ಮೀನಿನ ಕಿವಿರಿನಿಂದ ಅಮೋನಿಯಾ ಹೊರಗೆ ಬರುತ್ತೆ, ಮಿಕ್ಕ ಆಹಾರ ಕೊಳೆತರೂ ಬರುತ್ತೆ. ಅದು ಮೀನಿಗೆ ವಿಷ. ಹಳೇ ಟ್ಯಾಂಕಿನಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತೆ, ಅದೂ ವಿಷವೇ, ಇನ್ನೊಂದು ಬಗೆಯದು ಅದನ್ನು ಅಷ್ಟೇನೂ ತೊಂದರೆ ಕೊಡದ ನೈಟ್ರೇಟ್ ಮಾಡುತ್ತೆ. ಹೊಸ ಟ್ಯಾಂಕಿನಲ್ಲಿ ಇವೆರಡೂ ಬೆಳೆಯೋಕೆ 4ರಿಂದ 6 ವಾರ ಬೇಕು. ಗೋಲ್ಡ್ ಫಿಶ್ ಅಂತೂ ಗೇಣುದ್ದ ಬೆಳೆಯೋ ಮೀನು, ಗಲೀಜೂ ಜಾಸ್ತಿ. ಬೌಲ್ ಅದರ ಜಾಗವೇ ಅಲ್ಲ.

ಸರಿ, ಈ ಸಲ ಒಂದೂವರೆ ಅಡಿ ಉದ್ದದ ಟ್ಯಾಂಕ್ ತಂದೆ, ಸುಮಾರು 25 ಲೀಟರ್ ಹಿಡಿಯುತ್ತೆ. ಒಂದು ಸ್ಪಾಂಜ್ ಫಿಲ್ಟರ್, ಅದಕ್ಕೊಂದು ಏರ್ ಪಂಪ್. (ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಿ. ಕರೆಂಟ್ ಹೋದಾಗ ಪೈಪಿನಲ್ಲಿ ನೀರು ವಾಪಸ್ ಹರಿದು ಪಂಪ್ ಕೆಡುತ್ತೆ. ನಮ್ಮಲ್ಲಿ ಕರೆಂಟ್ ಹೋಗೋದು ಹೊಸದಲ್ಲವಲ್ಲ.) ನಮಗೆ ಬರೋದು ಹೇಮಾವತಿ ನೀರು, ಅದರಲ್ಲಿ ಕ್ಲೋರಿನ್ ಇರುತ್ತೆ, ಹಾಗಾಗಿ ಬಕೆಟ್‌ನಲ್ಲಿ ಒಂದು ದಿನ ತೆರೆದಿಟ್ಟು ಆಮೇಲೆ ಸುರಿದೆ. ಅವಸರ ಇದ್ದರೆ ಅಂಗಡಿಯಲ್ಲಿ ಆಂಟಿ ಕ್ಲೋರಿನ್ ಡ್ರಾಪ್ಸ್ ಸಿಗುತ್ತೆ.

ಮೀನಿಲ್ಲದ ಟ್ಯಾಂಕಿಗೆ ದಿನಾ ಚಿಟಿಕೆ ಆಹಾರ ಹಾಕೋದು ಮಗಳ ಕೆಲಸ. ಅದು ಕೊಳೆತು ಅಮೋನಿಯಾ ಆದರೆ ತಾನೇ ಬ್ಯಾಕ್ಟೀರಿಯಾಗೆ ಊಟ. "ಯಾರಿಗಮ್ಮ ಹಾಕ್ತಿರೋದು?" ಅಂದಳು. ಕಣ್ಣಿಗೆ ಕಾಣದ ಹುಳುಗಳಿಗೆ ಅಂದೆ. ಪಕ್ಕದ ಮನೆ ಆಂಟಿಗೆ ಹೋಗಿ "ನಮ್ಮನೇಲಿ ಹುಳ ಸಾಕಿದೀವಿ" ಅಂತ ಹೇಳಿ ಬಂದಳು!

ಎರಡು ದಿನಕ್ಕೊಮ್ಮೆ ಟೆಸ್ಟ್ ಕಿಟ್. ಡ್ರಾಪ್ಸ್ ನಾನೇ ಹಾಕುತ್ತಿದ್ದೆ, ಅದು ಮಕ್ಕಳು ಮುಟ್ಟುವಂಥದ್ದಲ್ಲ. ಬಣ್ಣ ನೋಡೋದು ಅವಳು. ನಮ್ಮ ಕಿಟ್‌ನಲ್ಲಿ ಅಮೋನಿಯಾ ಇದ್ದರೆ ಹಸಿರು, ಇಲ್ಲದಿದ್ದರೆ ಹಳದಿ. ಟ್ಯೂಬನ್ನು ಬಿಳಿ ಹಾಳೆಯ ಮುಂದೆ ಹಿಡಿದು, ಒಂದು ಕಣ್ಣು ಮುಚ್ಚಿ, "ಇನ್ನೂ ಹಸಿರೇ" ಅಂತ ಡಾಕ್ಟರ ಥರ ತಲೆ ಆಡಿಸೋಳು. ಹಳದಿ ಬಂತು ಅಂತ ಕುಣಿದ ದಿನ ನೈಟ್ರೈಟ್ ಇನ್ನೂ ಇತ್ತು. ಎರಡೂ ಸೊನ್ನೆಗೆ ಬರಬೇಕು. ಒಟ್ಟು ಐದು ವಾರ ಹಿಡೀತು. ಅಷ್ಟರಲ್ಲಿ ಚಳಿ ಶುರುವಾಗಿ ಬೆಳಿಗ್ಗೆ ನೀರು 19 ಡಿಗ್ರಿ ತೋರಿಸಿತು. ಈ ಸಲ ತರಬೇಕು ಅಂದುಕೊಂಡಿದ್ದ ಫೈಟರ್ ಮೀನಿಗೆ (ಬೆಟ್ಟಾ ಅಂತಲೂ ಅಂತಾರೆ) 24ರಿಂದ 28 ಬೇಕು. ಹಾಸನದ ಡಿಸೆಂಬರ್‌ನಲ್ಲಿ ಹೀಟರ್ ಇಲ್ಲದೆ ಆಗಲ್ಲ, 50 ವ್ಯಾಟ್‌ದು ಹಾಕಿದೆ. ನೀರು ತೆಗೆಯುವ ಮುಂಚೆ ಸ್ವಿಚ್ ಆರಿಸಿ ಹದಿನೈದು ನಿಮಿಷ ಬಿಡಬೇಕು, ಇಲ್ಲದಿದ್ದರೆ ಗಾಜು ಒಡೆಯಬಹುದು.

ಕೊನೆಗೆ ಒಂದೇ ಒಂದು ನೀಲಿ ಗಂಡು ಫೈಟರ್ ತಂದೆವು. ಎರಡು ಗಂಡು ಒಟ್ಟಿಗೆ ಬಿಟ್ಟರೆ ಕಚ್ಚಾಡಿ ಸಾಯುತ್ತವೆ. ಅವತ್ತು ಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದೆವು, ಹಾಗಾಗಿ ಅದರ ಹೆಸರು ಅವರೆಕಾಳು. ಅದು ಆಗಾಗ ಮೇಲೆ ಬಂದು ಗುಳುಕ್ ಅಂತ ಗಾಳಿ ಕುಡಿಯುತ್ತೆ. ಮೊದಲ ದಿನ ಮಗಳು ಹೆದರಿ ಕಿರುಚಿದಳು, ಹಳೇ ಮೀನು ನೆನಪಾಗಿರಬೇಕು. ಈ ಜಾತಿ ಮೀನು ಗಾಳಿಯನ್ನೂ ಉಸಿರಾಡುತ್ತೆ, ಅದು ಅದರ ರೀತಿ ಅಂತ ಹೇಳಿದ ಮೇಲೆ ಸುಮ್ಮನಾದಳು.

ಭಾನುವಾರ ನೀರು ಬದಲಾಯಿಸೋದು, ಕಾಲು ಭಾಗ ಮಾತ್ರ. ಹಳೇ ನೀರನ್ನು ಮಗ್ಗಿನಲ್ಲಿ ಹೊತ್ತು ದಾಸವಾಳಕ್ಕೆ ಹಾಕುತ್ತಾಳೆ, ನೈಟ್ರೇಟ್ ಗಿಡಕ್ಕೆ ಗೊಬ್ಬರ ತಾನೇ. ಟ್ಯಾಂಕಿಗೆ ಕೈ ಹಾಕೋ ಮುಂಚೆ ಬರೀ ನೀರಲ್ಲಿ ಕೈ ತೊಳೆಯಬೇಕು, ಆದ ಮೇಲೆ ಸೋಪಲ್ಲಿ.

ಊಟದ ವಿಷಯಕ್ಕೆ ಮಾವನ ಹಳೇ ಮಾತ್ರೆ ಡಬ್ಬಿ ಉಪಯೋಗಕ್ಕೆ ಬಂತು, ವಾರಕ್ಕೆ ಏಳು ಖಾನೆ ಇರುತ್ತಲ್ಲ, ಅದು. ಶನಿವಾರ ರಾತ್ರಿ ಇಬ್ಬರೂ ಕೂತು ಆರು ಖಾನೆಗೆ ನಾಲ್ಕು ನಾಲ್ಕು ಕಾಳು ಎಣಿಸಿ ಹಾಕುತ್ತೇವೆ, ಬೆಳಿಗ್ಗೆ ಎರಡು, ಸಂಜೆ ಎರಡು. ಖಾನೆ ಖಾಲಿ ಅಂದರೆ ಊಟ ಆಗಿದೆ, ಇನ್ಯಾರೂ ಹಾಕೋ ಹಾಗಿಲ್ಲ. ಭಾನುವಾರ ಉಪವಾಸ, ಹೊಟ್ಟೆ ಊದಿಕೊಳ್ಳಬಾರದು ಅಂತ.

ಮೊನ್ನೆ ಭಾನುವಾರದ ಖಾನೆ ತೆಗೆದು ನೋಡುತ್ತೇನೆ, ಒಳಗೆ ಎರಡು ಅನ್ನದ ಅಗುಳು. ಮಗಳ ಮುಖ ನೋಡಿದೆ. ಅವಳು ಅಜ್ಜಿ ಮುಖ ನೋಡಿದಳು.