ಸ್ಲ್ಯಾಬ್ ಹಾಕಿ ಆತು, ಮುಂದೇನು? ನಮ್ಮ ಬಿಸಲಿಗಿ, ಸವಳ ನೀರಿಗಿ ತಡ್ಯೂವಂಥ ಫಿನಿಶಿಂಗ್

ಸ್ಲ್ಯಾಬ್ ಹಾಕಿ ಮುಗೀತಂದ್ರ ಮನಿ ಮುಗಿದಂಗ ಅಂತ ಭಾಳ ಮಂದಿ ತಿಳ್ಕೊಂಡಿರ್ತಾರ. ಖರೇ ಹೇಳ್ಬೇಕಂದ್ರ ರೊಕ್ಕ ಹೋಗೂದು, ತಲಿ ಕೆಡೂದು ಎರಡೂ ಅಲ್ಲಿಂದನ ಚಾಲೂ. ಟೈಲ್ಸ್ ಅಂಗಡಿಗಿ ಹೋದ್ರ ಎಸಿ ಹಾಕಿ, ಲೈಟ್ ಬಿಟ್ಟು, ಎಲ್ಲಾ ಥಳಥಳ ಮಾಡಿ ಇಟ್ಟಿರ್ತಾರ, ನಾವೂ ಅದನ್ನ ನೋಡಿ ತಲಿ ತೂಗಿ ಬರ್ತೀವಿ. ಆದ್ರ ವಿಜಯಪುರ, ಬಾಗಲಕೋಟಿ ಕಡೆ ಮನಿ ಹಾಳ ಮಾಡೂವು ಎರಡ: ಒಂದು ಎಪ್ರಿಲ್-ಮೇ ಬಿಸಲು, ಇನ್ನೊಂದು ಬೋರಿನ ಸವಳ ನೀರು. ಟೈಲ್ಸ್ ಇರ್ಲಿ, ನಳ ಇರ್ಲಿ, ಕಿಡಕಿ ಇರ್ಲಿ, ಆರಿಸೂಮುಂದ ಇದು ಈ ಬಿಸಲಿಗಿ, ಈ ನೀರಿಗಿ ತಡೀತೈತೇನು ಅಂತ ಮೊದಲ ಕೇಳ್ರಿ, ಚಂದ ಐತೋ ಇಲ್ಲೋ ಆಮ್ಯಾಲ. ಬೆಳಗಾವಿ, ಖಾನಾಪುರ ಕಡೆಯವರದು ಲೆಕ್ಕ ಬ್ಯಾರೆ, ಅವ್ರಿಗಿ ಮಳೀನ ಮುಖ್ಯ, ಅದನ್ನ ಕಿಡಕಿ ಕಡೆ ಬಂದಾಗ ಹೇಳ್ತೀನಿ.

ಮೊದಲ ಗಿಲಾವ. ಇದಕ್ಕ ಬೋರಿನ ನೀರು ಬಳಸೂಮುಂದ ಒಂದ್ಸಲ ಬಾಯಾಗ ಹಾಕಿ ನೋಡ್ರಿ, ಉಪ್ಪುಪ್ಪು ಅನಿಸಿದ್ರ ಆ ನೀರನ್ಯಾಗ ಸಿಮೆಂಟ್ ಕಲಸೂದು ಬ್ಯಾಡ. ಆ ಉಪ್ಪು ಗ್ವಾಡಿ ಒಳಗ ಕುಂತು, ಒಣಗಿದಂಗ ಮ್ಯಾಲ ಬರ್ತೈತಿ, ಬಿಳೇ ಪುಡಿ ಏಳ್ತೈತಿ, ಎಷ್ಟ ದುಬಾರಿ ಬಣ್ಣ ಹಚ್ಚಿದ್ರೂ ಹಪ್ಪಳದಂಗ ಎದ್ದು ಬೀಳ್ತೈತಿ. ಸಿಹಿ ನೀರಿನ ಟ್ಯಾಂಕರ್ ತರಸ್ರಿ, ಗಿಲಾವಕ್ಕ ಬೇಕಾಗೂ ನೀರಿನ ಖರ್ಚು ಮರು ಬಣ್ಣದ ಖರ್ಚಿನ ಮುಂದ ಏನೂ ಅಲ್ಲ. ಕಾಲಮ್, ಬೀಮ್‌ಗಿ ಇಟ್ಟಂಗಿ ಕೂಡೂ ಜಾಗಾದಾಗ ಜಾಳಗಿ ಬಡಿಸಿ ಗಿಲಾವ ಮಾಡಸ್ರಿ, ಇಲ್ಲಂದ್ರ ಸೀದಾ ಗೆರಿ ಎಳದಂಗ ಬಿರುಕು ಬಿಡ್ತೈತಿ. ಹೊರಗಿನ ಗ್ವಾಡಿಗಿ ಎರಡು ಕೋಟ್, ಕೂಡಿ ಸುಮಾರು 18-20 ಎಂಎಂ, ಒಳಗ 12 ಎಂಎಂ ಸಾಕು. ಕಡೀಮಿ ಅಂದ್ರ 7 ದಿನ ನೀರು ಹೊಡೀಬೇಕು, ಬ್ಯಾಸಗಿಯಾಗ ಗ್ವಾಡಿ ಒಣಗಲಾರ್ದಂಗ ದಿನಕ್ಕ ಮೂರ್ನಾಕು ಸಲ, ಅದೂ ಪಡುವಣ ಗ್ವಾಡಿಗಿ ಇನ್ನೂ ಜಾಸ್ತಿ. ಗೌಂಡಿ ಹೊಡೀತಾನ ಅಂತ ನಂಬ್ಕೊಂಡು ಕುಂದ್ರಬ್ಯಾಡ್ರಿ, ನೀರು ಹೊಡ್ಯೂದು ಮನಿಯವರದ ಕೆಲಸ.

ಆದ್ರ ಗಿಲಾವಕ್ಕಿಂತ ಮೊದಲ ಇನ್ನೊಂದ ಐತಿ, ಕರೆಂಟಿನ ಪೈಪು. ಎಲೆಕ್ಟ್ರಿಷಿಯನ್ ತನಗ ತಿಳಿದಂಗ ಎಲ್ಲಾ ಮನಿಗಿ ಒಂದ ನಕಾಶಿ ಹಾಕ್ತಾನ, ಆ ಮನ್ಯಾಗ ಇರೂದು ನೀವು. ಒಂದು ಸಂಜಿ ಮನಿಯವರನ್ನ, ಅವ್ವನ್ನ, ಹುಡುಗ್ರನ್ನ ಎಲ್ಲಾರನ್ನೂ ಕರ್ಕೊಂಡು ಖಾಲಿ ಮನ್ಯಾಗ ಅಡ್ಡಾಡ್ರಿ, ಸೀಮಿ ಸುಣ್ಣ ಹಿಡ್ಕೊಂಡು ಮಂಚ ಇಲ್ಲಿ, ಟಿವಿ ಅಲ್ಲಿ, ಫ್ರಿಜ್ ಇಲ್ಲಿ, ಮಿಕ್ಸರ್ ಅಲ್ಲಿ ಅಂತ ಗ್ವಾಡಿ ಮ್ಯಾಲನ ಬರೀರಿ. ಹಾಸಿಗಿ ಎರಡೂ ಮಗ್ಗಲಕ್ಕ ಮೊಬೈಲ್ ಪಾಯಿಂಟ್, ಬಾಗಲ ಹಿಂದ ಸ್ವಿಚ್ ಬರಲಾರ್ದಂಗ, ಇನ್ವರ್ಟರ್ ಲೈನ್ ಬ್ಯಾರೆ. ನಮ್ಮ ಕಡೆ ಎಲ್ಲಾರೂ ಮರಿಯೂದು ಕೂಲರ್. ನಮ್ಮದು ಒಣ ಹವಾ, ಹಂಗಾಗಿ ಕೂಲರ್ ಚೊಲೋ ಕೆಲಸ ಮಾಡ್ತೈತಿ, ಎಸಿ ಇಲ್ದನ ಬ್ಯಾಸಗಿ ಕಳೀಬಹುದು, ಆದ್ರ ಅದನ್ನ ಕಿಡಕಿ ಹೊರಗ ಇಡಬೇಕು, ಹೊರಗಿನ ಗಾಳಿ ಎಳೀಬೇಕು. ಅದಕ್ಕ ಕಿಡಕಿ ಕೆಳಗ ಹೊರಗಡೆ ಒಂದು ಸಣ್ಣ ಕಟ್ಟಿ, ಒಂದು ಪ್ಲಗ್, ಒಂದು ನಳ, ಚೆಲ್ಲಿದ ನೀರು ಹೋಗಾಕ ಒಂದು ಪೈಪು, ಇಷ್ಟು ಈಗ ಮಾಡಿದ್ರ ಮುಂದ ಬಕೆಟ್ ಹೊರೂದು ತಪ್ಪತೈತಿ.

ವಾಯರಿನ ವಿಷಯದಾಗ ಕಂಜೂಸ್ ಆಗಬ್ಯಾಡ್ರಿ: ಲೈಟ್-ಫ್ಯಾನಿಗಿ 1.5, ಪ್ಲಗ್ಗಿಗಿ 2.5, ಎಸಿ-ಗೀಜರಿಗಿ 4 ಸ್ಕ್ವೇರ್ ಎಂಎಂ. ಮೇನ್ ಬೋರ್ಡಿನ್ಯಾಗ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡ್ಲೆ ಲೈನ್ ಬಂದ್ ಮಾಡೂ ಸ್ವಿಚ್) ಹಾಕಸ್ರಿ, ಶಾಕ್ ಹೊಡದ್ರ ಜೀವ ಉಳಿಸೂದು ಅದ, ಲೋಡ್ ಜಾಸ್ತಿ ಆದ್ರ ಬೀಳೂ ಎಂಸಿಬಿ ಅಲ್ಲ, ಈ ಎರಡಕ್ಕ ಫರಕ ಎಲೆಕ್ಟ್ರಿಷಿಯನ್ನರಿಗೂ ಕೆಲವೊಮ್ಮಿ ಹೇಳಬೇಕಾಗ್ತೈತಿ. ಸ್ಲ್ಯಾಬ್ ಮ್ಯಾಲಿಂದ ಮೀಟರ್ ತನಕ ಒಂದು ಖಾಲಿ ಪೈಪು ಬಿಡ್ರಿ, ಸೋಲಾರಿಗಿ. ಗೃಹಜ್ಯೋತಿ ಐತಲ್ಲ, ಸೋಲಾರ್ ಯಾಕ ಬೇಕು ಅನ್ನಾವ್ರು ಅದಾರ, ಅದು ನಿಮ್ಮ ವಿಚಾರ, ಆದ್ರ 2024ರಾಗ ಬಂದ ಪಿಎಂ ಸೂರ್ಯಘರ್ ಯೋಜನಾದಾಗ 2 ಕಿಲೋವ್ಯಾಟ್ ತನಕ ಕಿಲೋವ್ಯಾಟಿಗಿ 30,000, 3 ಅಥವಾ ಅದಕ್ಕಿಂತ ಮ್ಯಾಲ ಹಾಕಿದ್ರ ಒಟ್ಟು 78,000 ರೂಪಾಯಿ ಸಬ್ಸಿಡಿ ಅಂತ ಇಟ್ಟಿದ್ರು, ಮುಂದ ಯಾವಾಗರ ಮನಸ ಬದಲಾದ್ರ ಗ್ವಾಡಿ ಒಡ್ಯೂದು ಬ್ಯಾಡಲ್ಲ. ಪೈಪು ಎಲ್ಲಾ ಕೂಡಿಸಿದ ಮ್ಯಾಲ, ಗಿಲಾವಕ್ಕಿಂತ ಮೊದಲ, ಗ್ವಾಡಿಗಿ ಟೇಪ್ ಹಿಡ್ದು ಒಂದೊಂದ ಕೋಲಿದೂ ಫೋಟೋ ತಗದು ಇಟ್ಕೋರಿ. ಮುಂದ ಮೊಳಿ ಹೊಡ್ಯಾಗ, ಡ್ರಿಲ್ ಮಾಡಾಗ ಆ ಫೋಟೋ ಉಪಯೋಗಕ್ಕ ಬರ್ತೈತಿ.

ಇನ್ನ ನೀರು. ಹೊಳಿ ನೀರು ಬರೂ ಊರಾಗೂ ಅದು ದಿನಾ ಬರ್ತೈತಿ ಅಂತ ಹೇಳಾಕ ಬರಂಗಿಲ್ಲ, ಹಂಗಾಗಿ ಎಲ್ಲಾರ ಮನ್ಯಾಗೂ ನಳದ ನೀರು ಒಂದು, ಬೋರಿನ ನೀರು ಒಂದು. ಇವೆರಡನ್ನೂ ಒಂದ ಟಾಕಿಗಿ ಕೂಡಸಬ್ಯಾಡ್ರಿ. ಎರಡು ಟಾಕಿ, ಎರಡು ಲೈನ್. ಸಿಹಿ ನೀರು ಅಡಗಿ ಮನಿಗಿ, ಗೀಜರಿಗಿ, ವಾಶಿಂಗ್ ಮಶೀನಿಗಿ. ಸವಳ ನೀರು ಫ್ಲಶ್‌ಗಿ, ಅಂಗಳ ತೊಳ್ಯಾಕ. ಬಿಸಿ ನೀರಿನ ಲೈನಿಗಿ ಸಿಪಿವಿಸಿನ (ಬಿಸಿ ತಡ್ಯೂ ಪ್ಲಾಸ್ಟಿಕ್ ಪೈಪು) ಬೇಕು, ಸಾದಾ ಪೈಪು ಹಾಕಿ ಅದು ಮೆತ್ತಗಾದ ಮನಿ ನೋಡೀನಿ. ಟೈಲ್ಸ್ ಹಚ್ಚೂಕಿಂತ ಮೊದಲ ಪೈಪಿಗಿ ಪ್ರೆಶರ್ ಪಂಪ್ ಹಚ್ಚಿ ರಾತ್ರಿ ಪೂರಾ ಬಿಡ್ರಿ, ಮುಂಜಾನೆ ಪಂಪಿನ ಮೀಟರಿನ ಕಾಟಾ ಇಳಿದಿತ್ತಂದ್ರ ಎಲ್ಲೋ ಸೋರ್ತೈತಿ ಅಂತ ಅರ್ಥ. ಪ್ಲಂಬರ್ "ಏನೂ ಆಗೂದಿಲ್ರೀ ಸಾವಕಾರ್ರ" ಅಂತಾನ, ಆಗ್ಲಿ, ಪಂಪ್ ಹಚ್ಚಪಾ ಅನ್ರಿ.

ಬಚ್ಚಲ ಮನಿ ವಿಷಯದಾಗ ಸ್ವಲ್ಪ ಜಾಸ್ತಿನ ಹೇಳ್ತೀನಿ, ಯಾಕಂದ್ರ ಇಡೀ ಮನ್ಯಾಗ ಜಗಳ ಹುಟ್ಟೂ ಜಾಗಾ ಅದ. ವಾಟರ್‌ಪ್ರೂಫಿಂಗ್ ಆದ ಮ್ಯಾಲ ಪೈಪಿನ ಬಾಯಿ ಮುಚ್ಚಿ ನೀರು ತುಂಬಿಸಿ 48 ತಾಸು ಬಿಡ್ರಿ, ಕೆಳಗಿನ ಮಾಳಗಿಗಿ ಹಸಿ ಬಂತೇನು ನೋಡ್ರಿ, ಬರ್ಲಿಲ್ಲಂದ್ರ ಮುಂದಿನ ಕೆಲಸ. ನೆಲದ ಇಳಿಜಾರು ಫೂಟಿಗಿ ಕಾಲ ಇಂಚು ಇರ್ಲಿ, ಟೈಲ್ಸ್ ಹಚ್ಚಿದ ದಿನ ಅಲ್ಲ, ಹಚ್ಚೂ ಮುಂದನ ಒಂದು ಚರಗಿ ನೀರು ಚೆಲ್ಲಿ ನೋಡ್ರಿ. ಬಣ್ಣದ ಬಗ್ಗೆ ನನ್ನ ಮಾತು ಕೇಳ್ರಿ: ಕರೇ ಟೈಲ್ಸ್, ಕರೇ ನಳ, ಗ್ಲಾಸಿನ ಪಾರ್ಟಿಶನ್ ಇವು ಮೂರೂ ಸವಳ ನೀರಿನ ಮನಿಗಿ ಆಗಿ ಬರಂಗಿಲ್ಲ. ಒಂದ ವಾರಕ್ಕ ಬಿಳೇ ಕಲಿ, ಅದನ್ನ ತಗ್ಯಾಕ ಆಸಿಡ್, ಆಸಿಡ್‌ದಿಂದ ಸಂದಿ ಸಿಮೆಂಟ್ ತಿಂದ್ಹೋಗಿ ಅಲ್ಲಿಂದ ಸೋರಿಕಿ, ಹಿಂಗ ಒಂದರ ಹಿಂದ ಒಂದು. ತೆಳು ಬೂದಿ ಬಣ್ಣದ ಮ್ಯಾಟ್ ಟೈಲ್ಸ್ ಹಾಕಿ, ಸಂದಿಗಿ ಸಿಮೆಂಟ್ ಬದಲಿ ಎಪಾಕ್ಸಿ ಗ್ರೌಟ್ (ಗಟ್ಟಿ ಅಂಟಿನಂಥ ಮಸಾಲಿ) ತುಂಬಸ್ರಿ. ದುಬಾರಿ ಹೌದು, ಬಚ್ಚಲಕ್ಕ ಅಷ್ಟ ಹಾಕ್ರಿ ಸಾಕು, ಪಡಸಾಲಿಗಿ ಸಾದಾ ನಡೀತೈತಿ. ಚೌಕಟ್ಟು ಗ್ರಾನೈಟಿಂದು, ಬಾಗಲ ಡಬ್ಲ್ಯುಪಿಸಿ (ಕಟಗಿ ಪುಡಿ, ಪ್ಲಾಸ್ಟಿಕ್ ಕೂಡಿಸಿ ಮಾಡಿದ ಹಲಗಿ). ಕಟಗಿ ಹಾಕಿದ್ರ ಕೆಳಗಿನ ಮೂಲಿ ಕೊಳೀತೈತಿ.

ಸೋಲಾರ್ ವಾಟರ್ ಹೀಟರ್ ಹಾಕಸಾವ್ರು ಸವಳ ನೀರು ಇತ್ತಂದ್ರ ಗ್ಲಾಸ್ ಟ್ಯೂಬಿನದು ತಗೋರಿ, ತಾಮ್ರದ ಸಣ್ಣ ಪೈಪಿನ ಪ್ಲೇಟ್ ಮಾಡೆಲ್ಲಿನ್ಯಾಗ ಕಲಿ ಕುಂತು ಬಾಯಿ ಕಟ್ತಾವ. ಟಾಕಿ ಎಲ್ಲಿ ಇಡೂದು ಅನ್ನೂದೂ ದೊಡ್ಡ ಪ್ರಶ್ನಿ. ವಾಸ್ತು ಹೇಳಾವ್ರು ನೈರುತ್ಯ ಮೂಲಿ ಅಂತಾರ, ಆದ್ರ ಆ ಮೂಲ್ಯಾಗೂ ಬಿಸಲು ತಪ್ಪಂಗಿಲ್ಲ, ಮೇ ತಿಂಗಳ ಮಧ್ಯಾಹ್ನ ನಳ ಬಿಟ್ರ ಕೈ ಸುಡ್ತೈತಿ. ಹಿರಿಯಾರ ಜೋಡಿ ವಾದ ಮಾಡೂಕಿಂತ ಅಲ್ಲೇ ಇಟ್ಟು ಮ್ಯಾಲೊಂದು ಪತ್ರಾ ಶೆಡ್ ಹಾಕ್ರಿ, ಬಿಳೇ ಬಣ್ಣದ ಟಾಕಿ ತಗೋರಿ, ಎರಡೂ ಕಡೆ ಸಮಾಧಾನ.

ನೆಲಕ್ಕ ಏನು ಹಾಕೂದು? ಈಗ ಎಲ್ಲಾರೂ ಗುಜರಾತದ ಮೋರಬಿಯಿಂದ ಬರೂ ವಿಟ್ರಿಫೈಡ್ ಹಾಕ್ತಾರ, ತಪ್ಪೇನಿಲ್ಲ, ಕಲಿ ಹಿಡ್ಯೂದಿಲ್ಲ, ಒರಸಾಕ ಸರಳ. ನೂರಕ್ಕ ಹತ್ತು ಜಾಸ್ತಿ ತಗೋರಿ, ಎಲ್ಲಾ ಬಾಕ್ಸಿನ ಮ್ಯಾಲ ಬ್ಯಾಚ್ ನಂಬರ್ ಒಂದ ಐತೇನು ನೋಡ್ಕೋರಿ, ಉಳದದ್ದನ್ನ ವಾಪಸ್ ಕೊಡಬ್ಯಾಡ್ರಿ, ಒಂದು ಬಾಕ್ಸ್ ಅಟ್ಟಕ್ಕ ಹಾಕ್ರಿ, ಐದ ವರ್ಷದ ಮ್ಯಾಲ ಅದ ಡಿಸೈನ್ ಸಿಗಂಗಿಲ್ಲ. ಟೈಲ್ಸ್ ನಡಕ 2 ಎಂಎಂ ಸ್ಪೇಸರ್ ಬಿಡಾಕ ಹೇಳ್ರಿ, ನಮ್ಮ ಬಿಸಲಿಗಿ ಹಿಗ್ಗಾಕ ಜಾಗಾ ಇಲ್ಲಂದ್ರ ನಡಬರಕ ಎದ್ದು ಬಿಡ್ತಾವ. ಹಿರಿಯಾರು ಕೆಳಗ ಕುಂದ್ರೂ ಮನಿ ಇದ್ರ ಪಡಸಾಲಿಗಿ ಶಹಾಬಾದ ಫರಸಿ ವಿಚಾರ ಮಾಡ್ರಿ, ತಂಪು, ಕಾಲು ಜಾರಂಗಿಲ್ಲ. ಅದು ಸುಣ್ಣದ ಕಲ್ಲು, ಲಿಂಬಿಹಣ್ಣು, ಹುಣಸಿ ಹುಳಿ, ಆಸಿಡ್ ತಾಗಿದ್ರ ಕಲಿ ಬೀಳ್ತೈತಿ, ಕಡಪಾನೂ ಹಂಗ, ಹಂಗಾಗಿ ಅಡಗಿ ಕಟ್ಟಿಗಿ ಗ್ರಾನೈಟ್ ಚೊಲೋ. ಗ್ರಾನೈಟಿಗಿ ದೂರ ಹೋಗೂದೇನು ಬ್ಯಾಡ, ಇಳಕಲ್ಲ ಕೆಂಪು ಗ್ರಾನೈಟ್ ನಮ್ಮ ಮಗ್ಗಲಾಗ ಐತಿ. ಹೊರಗಿನ ಕಟ್ಟಿಗಿ, ಮೆಟ್ಟಲಕ್ಕ ಪಾಲಿಶ್ ಮಾಡಿದ್ದು ಬ್ಯಾಡ, ಮಳ್ಯಾಗ ಜಾರತೈತಿ, ಖರಬರಾ ಇರೂದನ್ನ ಹಾಕ್ರಿ.

ಅಡಗಿ ಮನಿ ಬಗ್ಗೆ ಇಂಟೀರಿಯರ್‌ದಾವ್ರ ಚಿತ್ರದಾಗ ರೊಟ್ಟಿ ಬಡ್ಯಾವ್ರು ಯಾರೂ ಇರೂದಿಲ್ಲ. ಅವ್ರು 34 ಇಂಚಿನ ಕಟ್ಟಿ ಹೇಳ್ತಾರ, ಅದರ ಮ್ಯಾಲ ಒಲಿ, ಒಲಿ ಮ್ಯಾಲ ಹಂಚು, ಭುಜ ಎತ್ತಿ ಎತ್ತಿ ದಿನಾ ಇಪ್ಪತ್ತು ರೊಟ್ಟಿ ಬಡದು ಬೇಯಿಸಿದ್ರ ಹೆಣ್ಮಕ್ಕಳ ತೋಳು ಏನಾಗಬೇಕು. ಒಂದು ಮಗ್ಗಲಕ್ಕ ಎರಡು-ಎರಡೂವರಿ ಫೂಟ್ ಉದ್ದ ಕಟ್ಟಿ ನಾಕೈದು ಇಂಚು ಕೆಳಗ ಇಳಸಿ ಮಾಡಸ್ರಿ, ರೊಟ್ಟಿ ಬಡ್ಯಾಕ ಅಂತನ. ಅಡಗಿ ಮಾಡಾವ್ರನ್ನ ನಿಲ್ಲಿಸಿ, ಮೊಣಕೈ ಎತ್ತರ ಅಳದು ಕಟ್ಟಿ ಕಟ್ಟಸ್ರಿ, ಕೆಲವರಿಗಿ ಕುಂತ ಬಡ್ಯೂದ ಬೇಕಿರ್ತೈತಿ, ಅವ್ರಿಗಿ ನೆಲದ ಮ್ಯಾಲ ಜಾಗಾ ಬಿಡ್ರಿ. ಎಕ್ಸಾಸ್ಟ್ ಫ್ಯಾನಿನ ತೂತು ಗಿಲಾವಕ್ಕಿಂತ ಮೊದಲ. ವರ್ಷದ ಜ್ವಾಳ ಹೊಲದಿಂದ ಬರೂ ಮನಿ ಆದ್ರ ಚೀಲ ಇಡಾಕ ಆರಿಂಚ ಎತ್ತರದ ಕಟ್ಟಿ ಇರೂ ಒಂದು ಸಣ್ಣ ಕೋಲಿ ಬೇಕ ಬೇಕು, ಮಾಡ್ಯುಲರ್ ಕಿಚನ್ನಿನ ಡ್ರಾವರದಾಗ ಜ್ವಾಳದ ಚೀಲ ಹೋಗಂಗಿಲ್ಲ.

ಕಿಡಕಿ. ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಸ್ಲೈಡಿಂಗ್ ಚಂದ, ಧೂಳೂ ಕಡೀಮಿ, ಆದ್ರ ಯಾವಾಗ್ಲೂ ಅರ್ಧ ಕಿಡಕಿನ ತಗೀತೈತಿ, ಗಾಳಿ ಬೇಕಂದ್ರ ಎರಡೂ ಬಾಗಲ ತಗಿಯೂವಂಥದ್ದು ಹಾಕಸ್ರಿ, ಸೊಳ್ಳಿ ಪರದಿಗಿ ಟ್ರ್ಯಾಕ್ ಮೊದಲ ಹೇಳ್ರಿ. ಪಡುವಣ ಕಿಡಕಿಗಿ ಎರಡು ಫೂಟ್ ಛಜ್ಜಾ ಇಲ್ಲಂದ್ರ ಸಂಜಿ ನಾಕರಿಂದ ಕೋಲಿ ಒಲಿ. ಬೆಳಗಾವಿ ಕಡೆ ಮಳಿ ಪಡುವಣ ಗಾಳಿ ಜೋಡಿ ಅಡ್ಡಾ ಹೊಡೀತೈತಿ, ಅಲ್ಲಿ ಛಜ್ಜಾ ಇನ್ನೂ ಉದ್ದ ಇರ್ಲಿ, ಛಜ್ಜಾದ ತಳಕ್ಕ ತುದಿಗುಂಟ ಒಂದು ಗೀರು ಹೊಡಸ್ರಿ, ನೀರು ಹಿಂದಕ್ಕ ಹರಿದು ಗ್ವಾಡಿಗಿ ಬರೂದಿಲ್ಲ, ಕಿಡಕಿ ಕೆಳಗಿನ ಗ್ರಾನೈಟ್ ಪಟ್ಟಿ ಹೊರಗಡೆ ಇಳಿಜಾರ ಇರ್ಲಿ. ಮುಂಬಾಗಲ ಒಂದಕ್ಕ ಸಾಗವಾನಿ ಹಾಕ್ರಿ, ಒಳಗಿನವಕ್ಕ ರೊಕ್ಕ ಸುರ್ಯೂದು ಬ್ಯಾಡ.

ಮಾಳಗಿ ಮ್ಯಾಲ ಒಡದ ಬಿಳೇ ಟೈಲ್ಸ್ ಚೂರು ಹಾಕಸ್ರಿ, ನೀರು ಸೋರೂದೂ ತಡೀತೈತಿ, ಬಿಸಲನ್ನೂ ವಾಪಸ್ ಹೊಡೀತೈತಿ. ಅದಕ್ಕ ರೊಕ್ಕ ಇಲ್ಲಂದ್ರ ಪ್ರತಿ ಬ್ಯಾಸಗಿ ಸುಣ್ಣ ಬಳಸ್ರಿ, ಕೆಳಗಿನ ಕೋಲ್ಯಾಗ ಫರಕ ತಿಳೀತೈತಿ. ಪಿಒಪಿ ಸೀಲಿಂಗ್ ಬೇಕೋ ಬ್ಯಾಡೋ ನಿಮಗ ಬಿಟ್ಟದ್ದು, ನನಗೇನ ಅದರ ಮ್ಯಾಲ ಪ್ರೀತಿ ಇಲ್ಲ. ಬಣ್ಣ ಹಚ್ಚೂದು ಗಿಲಾವ ಆಗಿ ಸುಮಾರು 28 ದಿನ ಒಣಗಿದ ಮ್ಯಾಲ, ಪಡುವಣ ಗ್ವಾಡಿಗಿ ಗಾಢ ಬಣ್ಣ ಬ್ಯಾಡ. ಎರಿ ಮಣ್ಣಿನ ಜಾಗಾ ಇದ್ರ ಮನಿ ಸುತ್ತಲೂ ಮೂರು ಫೂಟ್ ಅಗಲ ಕಾಂಕ್ರೀಟ್ ಪಟ್ಟಿ ಹೊರಗ ಇಳಿಜಾರ ಮಾಡಿ ಹಾಕ್ರಿ, ಎರಿ ನೀರು ಕುಡದು ಉಬ್ಬೂದು, ಒಣಗಿ ಬಿರಿಯೂದು ಮಾಡ್ತೈತಿ, ಪಾಯಾದ ಮಗ್ಗಲಕ್ಕ ನೀರು ಇಳೀಬಾರ್ದು. ಗಿಡ ಹಚ್ಚೂದಿದ್ರ ಈ ಪಟ್ಟಿ ಆಚಿಗಿ.

ಕಡೀಕ ಆಳು ಮತ್ತ ಮುಹೂರ್ತ. ಸ್ವಾಮಿಗಳು ವಾಸ್ತುಶಾಂತಿಗಿ ದಿನ ಕೊಟ್ರು, ಕಾರ್ಡ್ ಪ್ರಿಂಟ್ ಆತು, ಇನ್ನೂ ಬಚ್ಚಲದ ಟೈಲ್ಸ್ ಹಚ್ಚಾಕತ್ತಾರ, ಇದು ನಮ್ಮ ಕಡೆ ಮನಿಮನಿ ಕಥಿ. ಹಸಿ ಗ್ವಾಡಿಗಿ ಬಣ್ಣ ಬಳದು, ವಾಯರ್ ಹೊರಗ ಬಿಟ್ಟು, ಮಂದಿಗಿ ಊಟ ಹಾಕೂದು. ಬಣ್ಣದ ಮೊದಲನೇ ಕೋಟ್ ಆಗೂತನಕ ದಿನ ಕೇಳಾಕ ಹೋಗಬ್ಯಾಡ್ರಿ. ಸಂಕ್ರಾಂತಿಗಿ ಸಿದ್ಧೇಶ್ವರ ಜಾತ್ರಿ ಬಂತಂದ್ರ ವಿಜಯಪುರದಾಗ ಗೌಂಡಿ ಕೈಗಿ ಸಿಗಂಗಿಲ್ಲ, ಕಬ್ಬಿನ ಸುಗ್ಗ್ಯಾಗ ಕೂಲಿಯವರು ಅತ್ಲಾಗ ಹೋಗ್ತಾರ, ಅದನ್ನೂ ಲೆಕ್ಕಕ್ಕ ಹಿಡೀರಿ. ಗುತ್ತಿಗಿ ಮಾತಾಡೂಮುಂದ ಸ್ಕ್ವೇರ್ ಫೂಟ್ ರೇಟಿನ್ಯಾಗ ಏನು ಬರ್ತೈತಿ, ಏನು ಬರಂಗಿಲ್ಲ ಅಂತ ಒಂದು ಹಾಳ್ಯಾಗ ಬರಸಿ ಸಹಿ ಹಾಕಸ್ರಿ: ಸ್ಕರ್ಟಿಂಗ್ (ಗ್ವಾಡಿ ಬುಡಕ್ಕ ಹಚ್ಚೂ ಟೈಲ್ಸ್ ಪಟ್ಟಿ) ಬ್ಯಾರೆ ರೇಟೋ, ಮೆಟ್ಟಲಾ ಎಷ್ಟು, ಒಡದ ಟೈಲ್ಸ್ ಯಾರ ತಲಿ ಮ್ಯಾಲ. ನೂರಕ್ಕ ಹತ್ತು ರೂಪಾಯಿ ಕೈಯಾಗ ಇಟ್ಕೊಂಡು, ಮನ್ಯಾಗ ಹೋಗಿ ಇದ್ದು, ಎಲ್ಲಾ ನಳ, ಎಲ್ಲಾ ಸ್ವಿಚ್, ಒಂದು ಮಳಿಗಾಲ ನೋಡಿದ ಮ್ಯಾಲ ಕೊಡ್ತೀನಿ ಅಂತ ಆ ಹಾಳ್ಯಾಗನ ಬರಸ್ರಿ. ಒಪ್ಪಲಿಲ್ಲಂದ್ರ ಬ್ಯಾರೆ ಗೌಂಡಿ ನೋಡ್ರಿ.